ಅಟ್ಟದಿಂದ ಇಳಿಸಿದ ವಾಲ್ವ್ ರೇಡಿಯೋ: ರಿಪೇರಿ ಮಾಡಿದವರು, ಮಾಡಿಸಿದವರು ಅನುಭವ ತಿಳಿಸಿ

ಮಾಳಮಡ್ಡಿ, ಧಾರವಾಡ

ಅಜ್ಜನ ಕಾಲದ, ಒಳಗೆ ಗಾಜಿನ ಬಲ್ಬಿನಂಥ ವಾಲ್ವ್ ಇರುವ ಫಿಲಿಪ್ಸ್ ರೇಡಿಯೋವನ್ನು ಕಳೆದ ವಾರ ಅಟ್ಟದಿಂದ ಇಳಿಸಿದೆ. ಮೂವತ್ತು ವರ್ಷಗಳಿಂದ ಯಾರೂ ಹಚ್ಚಿಲ್ಲ. ಪೆಟ್ಟಿಗೆಯ ಒಂದು ಮೂಲೆಯನ್ನು ಗೆದ್ದಲು ತಿಂದಿದೆ, ಕರೆಂಟಿನ ವೈರು ತುಂಡಾಗಿದೆ, ಹಿಂಬದಿಯ ರಟ್ಟು ಇದೆ. ದೀಪಾವಳಿಗೆ ನಮ್ಮ ತಂದೆಯವರಿಗೆ 80 ತುಂಬುತ್ತದೆ. ಇದೇ ರೇಡಿಯೋದಲ್ಲಿ ಅವರಿಗೆ ಧಾರವಾಡ ಆಕಾಶವಾಣಿ ಕೇಳಿಸಬೇಕೆಂಬ ಆಸೆ ನನ್ನದು. ಕೈಯಲ್ಲಿ ಎರಡು ತಿಂಗಳಿವೆ, ಐದು ಸಾವಿರದವರೆಗೆ ಖರ್ಚು ಮಾಡಬಲ್ಲೆ. ಬೆಸುಗೆ ಹಾಕಲು ಬರುತ್ತದೆ, ರೇಡಿಯೋ ವಿದ್ಯೆ ಗೊತ್ತಿಲ್ಲ. ಹೊಸ ವೈರು ಹಾಕಿ ಒಮ್ಮೆ ಹಚ್ಚಿ ನೋಡಬಹುದೇ? ನಾನೇ ಮಾಡಲೇ, ಯಾರಿಗಾದರೂ ಕೊಡಲೇ?

ಹಳೇ ಹುಬ್ಬಳ್ಳಿ

ಹಚ್ಚಬೇಡಿ. ನಾನು ಹಚ್ಚಿದ್ದೆ. ಗುಜರಿಯಲ್ಲಿ 1,800 ರೂಪಾಯಿಗೆ ತಂದ ಮರ್ಫಿ ಸೆಟ್ಟು. ಡಯಲ್ ದೀಪ ಕೂಡಲೇ ಹತ್ತಿತು, ಮೊದಲ ಹತ್ತು ಸೆಕೆಂಡು ಬೇರೇನೂ ಇಲ್ಲ. ಮನೆಯವರನ್ನೆಲ್ಲ ಕೂಗಿ ಕರೆದೆ. ಅವರು ಬಂದು ನಿಲ್ಲುವಷ್ಟರಲ್ಲಿ ದೊಡ್ಡ ಗುಂಯ್ ಶಬ್ದ, ಅದರ ಹಿಂದೆಯೇ ಸುಟ್ಟ ವಾಸನೆ. ಪ್ಲಗ್ ಕಿತ್ತು ನೋಡಿದರೆ ಟ್ರಾನ್ಸ್‌ಫಾರ್ಮರಿನಿಂದ ಕರಿ ಡಾಂಬರು ಇಳಿದು ಮೇಜಿನ ಮೇಲೆ ಹನಿಯುತ್ತಿತ್ತು. ಕರೆಂಟಿನ ಏರಿಳಿತ ತಗ್ಗಿಸುವ ಫಿಲ್ಟರ್ ಕಂಡೆನ್ಸರ್ ಒಳಗೇ ಶಾರ್ಟ್ ಆಗಿತ್ತು. 90 ರೂಪಾಯಿಯ ಸಾಮಾನು ಬದಲಿಸದೆ ಹಚ್ಚಿದ್ದಕ್ಕೆ ಎಸಿಯನ್ನು ಡಿಸಿ ಮಾಡುವ ರೆಕ್ಟಿಫೈಯರ್ ವಾಲ್ವೂ ಹೋಯಿತು, ಟ್ರಾನ್ಸ್‌ಫಾರ್ಮರೂ ಹೋಯಿತು.

ಲೆಕ್ಕ ಇಟ್ಟಿದ್ದೇನೆ, ಓದಿಕೊಳ್ಳಿ. ಮೋಟಾರು ಸುತ್ತುವವರೊಬ್ಬರ ಹತ್ತಿರ ವೈಂಡಿಂಗ್ 1,600. ಅವರು ಸುತ್ತಿಕೊಟ್ಟದ್ದು ನಲವತ್ತು ವೋಲ್ಟ್ ಹೆಚ್ಚು ಕೊಡುತ್ತಿತ್ತು, ಜೊತೆಗೆ ಒಳಗಿನ ಕಬ್ಬಿಣದ ಪಟ್ಟಿಗಳು ಸಡಿಲವಾಗಿ ದುಂಬಿಯಂತೆ ಮೊರೆಯುತ್ತಿದ್ದವು. ಬೇರೆಯವರಲ್ಲಿ ಮತ್ತೆ ಸುತ್ತಿಸಿದೆ, 2,100. ರೆಕ್ಟಿಫೈಯರ್ ಇಜೆಡ್ 81 ವಾಲ್ವ್ 900. ಫಿಲ್ಟರ್ ಕಂಡೆನ್ಸರ್ ಎರಡಕ್ಕೆ 180. ಸಣ್ಣ ಕಂಡೆನ್ಸರ್ ಹದಿನಾಲ್ಕು, ತಲಾ 18ರಂತೆ 252. ಸ್ಪೀಕರಿಗೆ ಬಲ ಕೊಡುವ ವಾಲ್ವ್ ಇಎಲ್ 84 ಒಂದು 1,750. ಸೆಟ್ಟಿನ ಬೆಲೆಯೂ ಸೇರಿ 8,582. ಎಲೆಕ್ಟ್ರಾನಿಕ್ಸ್ ಸಾಮಾನು ಸಿಗುವ ಬೆಂಗಳೂರಿನ ಎಸ್.ಪಿ. ರಸ್ತೆಗೆ ಎರಡು ಸಲ ಹೋಗಿಬಂದ ಖರ್ಚು ಇದರಲ್ಲಿಲ್ಲ.

ಈಗ ಯಾವ ಸೆಟ್ಟು ಬಂದರೂ ಮೊದಲು ಹಳೆಯ ಕಂಡೆನ್ಸರುಗಳನ್ನೆಲ್ಲ ತೆಗೆದು ಹೊಸದು ಹಾಕುತ್ತೇನೆ, ಆಮೇಲೆ 60 ವ್ಯಾಟಿನ ಸೀರೀಸ್ ಬಲ್ಬ್ (ಸೆಟ್ಟಿಗೆ ಹೋಗುವ ಕರೆಂಟಿನ ದಾರಿಯಲ್ಲಿ ಸಾಲಾಗಿ ಜೋಡಿಸಿದ ಬಲ್ಬು) ಮೂಲಕ ಹಚ್ಚುತ್ತೇನೆ. ಬಲ್ಬು ಒಮ್ಮೆ ಉರಿದು ಮಂಕಾದರೆ ಸರಿ. ಪೂರ್ತಿ ಉರಿಯುತ್ತಲೇ ಇದ್ದರೆ ಆರಿಸಿಬಿಡಿ.

ವಿದ್ಯಾನಗರ, ಹುಬ್ಬಳ್ಳಿ

ಅಕ್ಕಾರೇ, ಎರಡು ತಿಂಗಳಲ್ಲಿ ಆಗಬೇಕೆಂದರೆ ನನ್ನ ದಾರಿ ನೋಡಿ. ಮೂವರು ಮೆಕ್ಯಾನಿಕ್‌ಗಳ ಕೈಗೆ ಕೊಟ್ಟು ಸಾಕಾಗಿತ್ತು. ಒಬ್ಬರು ನೋಡದೆಯೇ ಆಗದು ಎಂದರು. ಇನ್ನೊಬ್ಬರು 700 ರೂಪಾಯಿ ಮುಂಗಡ ಪಡೆದು ಅಂಗಡಿಯನ್ನೇ ಮುಚ್ಚಿದರು. ಮೂರನೆಯವರು ಏಳು ತಿಂಗಳು ಇಟ್ಟುಕೊಂಡು ಹಾಗೆಯೇ ಮರಳಿಸಿದರು. ಮನೆಗೆ ತಂದು ನೋಡಿದರೆ ಎರಡು ವಾಲ್ವ್ ಇರಲೇ ಇಲ್ಲ.

ಆ ದಿನವೇ ತೀರ್ಮಾನಿಸಿದೆ. ಒಳಗಿನ ಚಾಸಿಯನ್ನು (ವಾಲ್ವ್ ಮುಂತಾದವು ಕೂತ ತಗಡಿನ ಚೌಕಟ್ಟು) ಹೊರತೆಗೆದು ಬ್ಲೂಟೂತ್ ಬೋರ್ಡು, ಸಣ್ಣ ಆ್ಯಂಪ್ಲಿಫೈಯರ್, ಹೊಸ ಸ್ಪೀಕರ್ ಕೂರಿಸಿದೆ. ಡಯಲ್ ಹಿಂದೆ ಹಳದಿ ಬೆಳಕು ಕೊಟ್ಟೆ. ಒಟ್ಟು 3,150. ನಮ್ಮ ಅವ್ವ ದಿನಾ ಬೆಳಗ್ಗೆ ಅದರಲ್ಲಿ ವಚನ ಕೇಳುತ್ತಾರೆ. ಅಪ್ಪ ಮುಟ್ಟುತ್ತಿದ್ದ ನಾಬ್ ಅದೇ, ಬಟ್ಟೆಯ ಜಾಲರಿ ಅದೇ. ನನಗೆ ಯಾವ ಪಶ್ಚಾತ್ತಾಪವೂ ಇಲ್ಲ.

ಬೆಟಗೇರಿ

ವಿದ್ಯಾನಗರದವರೇ, ಒಳಗಿನದನ್ನು ತೆಗೆದು ಎಸೆದ ಮೇಲೆ ಅದು ರೇಡಿಯೋ ಅಲ್ಲ, ರೇಡಿಯೋದ ಚರ್ಮ. ನಿಮ್ಮಂಥವರು ಕಿತ್ತೆಸೆದ, ಬೇಕಾದ ನಿಲಯವನ್ನಷ್ಟೇ ಆರಿಸಿಕೊಡುವ ಐ.ಎಫ್. ಕಾಯಿಲಿಗಾಗಿ ನಮ್ಮಂಥವರು ವರ್ಷಗಟ್ಟಲೆ ಗುಜರಿ ಅಂಗಡಿ ಅಲೆಯುತ್ತೇವೆ.

ನನ್ನ ಸೆಟ್ಟಿಗೆ ಹದಿನಾಲ್ಕು ತಿಂಗಳು ಹಿಡಿಯಿತು. ಇಲಿ ಗೂಡು ಕಟ್ಟಿತ್ತು, ಅದರ ಉಚ್ಚೆಗೆ ಚಾಸಿ ತುಕ್ಕು ಹಿಡಿದಿತ್ತು, ಸ್ಪೀಕರಿನ ಕಾಗದ ಅರ್ಧ ಮಾಯವಾಗಿತ್ತು. ಅದೆಲ್ಲ ಸರಿಯಾಯಿತು. ನನ್ನಿಂದ ಇಂದಿಗೂ ಮರೆಯಲಾಗದ್ದು ಡಯಲ್ ಗಾಜು. ಧೂಳಿದೆಯೆಂದು ಒದ್ದೆ ಬಟ್ಟೆಯಿಂದ ಹಿಂಬದಿಯನ್ನು ಒಮ್ಮೆ, ಒಂದೇ ಒಂದು ಸಲ ಒರೆಸಿದೆ. ಅಕ್ಷರಗಳನ್ನು ಅಚ್ಚು ಹಾಕಿದ್ದು ಹಿಂಬದಿಯಲ್ಲಿಯೇ. ದಿಲ್ಲಿ, ಮುಂಬಯಿ, ಸಿಲೋನ್ ಮೂರೂ ಬಟ್ಟೆಗೆ ಬಂದವು. ಬಟ್ಟೆಯ ಮೇಲೆ ಚಿನ್ನದ ಬಣ್ಣದ ಗೆರೆ, ಗಾಜಿನಲ್ಲಿ ಬರೀ ಬಯಲು. ಆ ಬಟ್ಟೆಯನ್ನು ಇನ್ನೂ ಎಸೆದಿಲ್ಲ.

ಡಯಲ್ ದಾರಕ್ಕೆ ಮೀನು ಹಿಡಿಯುವ ನೈಲಾನ್ ಹಾಕಬೇಡಿ, ಜಾರುತ್ತದೆ. ನಾನು ನಾಲ್ಕು ಬಗೆಯ ದಾರ ಹಾಕಿ ಸೋತು, ಕೊನೆಗೆ ನಮ್ಮ ಓಣಿಯ ಮಗ್ಗದ ಮನೆಯಿಂದ ಜಕಾರ್ಡಿಗೆ ಕಟ್ಟುವ ದಾರ ತಂದೆ. ಅದು ಹಿಗ್ಗುವುದಿಲ್ಲ, ರಾಟೆಯ ಮೇಲೆ ಹಿಡಿದು ಕೂರುತ್ತದೆ. ಆರು ವರ್ಷವಾಯಿತು, ಮುಳ್ಳು ಕೂದಲೆಳೆಯಷ್ಟೂ ಕದಲಿಲ್ಲ.

ಕಂಡೆನ್ಸರ್ ವಿಷಯ: ಎಲ್ಲವನ್ನೂ ಕಿತ್ತು ಹೊಸದು ಹಾಕುವುದು ಕೈಲಾಗದವರ ಕೆಲಸ. ನಾನು ಹನ್ನೊಂದು ಕಂಡೆನ್ಸರುಗಳ ಮೇಣ ಕರಗಿಸಿ, ಒಳಗಿನ ಸುರುಳಿ ತೆಗೆದು, ಅದೇ ಕಾಗದದ ಕೊಳವೆಯೊಳಗೆ ಹೊಸ ಕಂಡೆನ್ಸರ್ ಇಟ್ಟು ಮತ್ತೆ ಮೇಣ ತುಂಬಿದ್ದೇನೆ. ಒಂದೊಂದಕ್ಕೆ ನಲವತ್ತು ನಿಮಿಷ. ಚಾಸಿ ಬೋರಲು ಹಾಕಿ ನೋಡಿದರೂ ಕಾರ್ಖಾನೆಯಿಂದ ಬಂದಂತೆ ಕಾಣಬೇಕು.

ಹಾವೇರಿ ತಾಲ್ಲೂಕು

ತಂಗೀ, ನಮ್ಮದು ಊರಿಗೆ ಕರೆಂಟು ಬರುವುದಕ್ಕೆ ಮೊದಲಿನ ಬ್ಯಾಟರಿ ಸೆಟ್ಟು. ವಾಲ್ವ್‌ಗಳು ಡಿಕೆ 96, ಡಿಎಫ್ 96, ಡಿಎಎಫ್ 96, ಡಿಎಲ್ 96. ವಾಲ್ವಿನೊಳಗೆ ಕಾಯುವ ತಂತಿಗೆ, ಅಂದರೆ ಫಿಲಮೆಂಟಿಗೆ, ಒಂದೂವರೆ ವೋಲ್ಟಿನ ಶೆಲ್ಲು, ಒಳಗಿನ ತಗಡಿಗೆ 90 ವೋಲ್ಟಿನ ದೊಡ್ಡ ಬ್ಯಾಟರಿ ಬೇಕು. ಇಟ್ಟಿಗೆಯಂತಿದ್ದ ಆ ಬ್ಯಾಟರಿ ಈಗ ಅಂಗಡಿಗಳಲ್ಲಿ ಸಿಗುವುದಿಲ್ಲ. ಒಂಬತ್ತು ವೋಲ್ಟಿನ ಹತ್ತು ಬ್ಯಾಟರಿಗಳನ್ನು ಒಂದರ ಬಾಲಕ್ಕೆ ಒಂದರಂತೆ ಜೋಡಿಸಿದೆ, 350 ರೂಪಾಯಿ.

ನಾಲ್ಕು ತಂತಿಗಳ ಬಣ್ಣ ಮಾಸಿ ಎಲ್ಲವೂ ಮಣ್ಣಿನ ಬಣ್ಣವಾಗಿದ್ದವು. ಕಂದಿಲಿನ ಬೆಳಕಿನಲ್ಲಿ ಅಪ್ಪ ಅದನ್ನು ಕಿವಿಗೆ ಹಚ್ಚಿಕೊಂಡು ಪೇಟೆ ಧಾರಣೆ ಕೇಳುತ್ತಿದ್ದ ನೆನಪು ಕಣ್ಣಮುಂದೆ ಇತ್ತು, ಅವಸರ ಮಾಡಿದೆ. 90 ವೋಲ್ಟಿನ ತುದಿ ಫಿಲಮೆಂಟಿನ ತಂತಿಗೆ ತಾಗಿತು. ನಾಲ್ಕೂ ವಾಲ್ವ್ ಒಂದೇ ಸಲ ಫಕ್ಕನೆ ಮಿಂಚಿ ಕತ್ತಲಾದವು. ಅರ್ಧ ಸೆಕೆಂಡು ಕೂಡ ಇರಲಿಕ್ಕಿಲ್ಲ. ಅಪ್ಪ ನಲವತ್ತು ವರ್ಷ ಜೋಪಾನ ಮಾಡಿದ್ದವು. ಆ ರಾತ್ರಿ ನಾನು ಊಟ ಮಾಡಲಿಲ್ಲ. ಮರಳಿ ನಾಲ್ಕನ್ನೂ ಹೊಂದಿಸಲು ಮೂರು ತಿಂಗಳು, 2,800 ರೂಪಾಯಿ. ಮೀಟರ್ ಹಿಡಿಯದೆ ಯಾವ ತಂತಿಯನ್ನೂ ಜೋಡಿಸಬೇಡ.

ಹಳೇ ಹುಬ್ಬಳ್ಳಿ

ಬೆಟಗೇರಿಯವರಿಗೆ: "ಕೈಲಾಗದವರು" ಎಂದು ಯಾರಿಗೆ ಹೇಳಿದಿರಿ? ಇಎಲ್ 84ರ ಎರಡನೆಯ ಪಿನ್ನಿಗೆ ಮೀಟರ್ ಹಿಡಿದು ನೋಡಿದ್ದೀರಾ? ಅಲ್ಲಿ ಸೊನ್ನೆ ಇರಬೇಕು. ನನ್ನ ಸೆಟ್ಟಿನಲ್ಲಿ ದನಿಯನ್ನಷ್ಟೇ ದಾಟಿಸಿ ಹಿಂದಿನ ವಾಲ್ವಿನ ವೋಲ್ಟನ್ನು ತಡೆಯಬೇಕಾದ ಹಳೆಯ ಕಪ್ಲಿಂಗ್ ಕಂಡೆನ್ಸರ್ ಸೋರಿ ಒಂಬತ್ತು ವೋಲ್ಟ್ ಪ್ಲಸ್ ಬರುತ್ತಿತ್ತು. ದೀಪ ಆರಿಸಿ ನೋಡಿದರೆ ವಾಲ್ವಿನೊಳಗಿನ ತಗಡು ಕೆಂಡದಂತೆ ಕೆಂಪಾಗಿತ್ತು. 1,750ರ ಲೆಕ್ಕ ಬರೆದಿದ್ದೇನಲ್ಲ, ಅದು ಹೋದದ್ದು ಹೀಗೆ. ಹಳೆಯ ಕಾಗದದ ಕಂಡೆನ್ಸರ್ ಎಲ್ಲವನ್ನೂ ತೆಗೆಯಲೇಬೇಕು.

ಇನ್ನು ನಿಮ್ಮ ಮೇಣದ ಕೆಲಸ. ಒಳಗೆ ಹೊಸದನ್ನೇ ಇಟ್ಟು ಹೊರಗೆ ಹಳೆಯ ಚೀಟಿ ಉಳಿಸಿದರೆ ಅದು ಅಸಲಿ ಹೇಗಾಯಿತು? ನಾನು ಹೊಸದನ್ನು ಹೊಸದಾಗಿಯೇ ಕಾಣುವಂತೆ ಹಾಕುತ್ತೇನೆ. ನಾಳೆ ಇನ್ನೊಬ್ಬರು ಬಿಚ್ಚಿದಾಗ ಏನು ಬದಲಾಗಿದೆ ಎಂದು ಕಣ್ಣಿಗೆ ಕಾಣಬೇಕು.

ವಿದ್ಯಾನಗರ, ಹುಬ್ಬಳ್ಳಿ

ಹಾಗಾದರೆ ಬೆಟಗೇರಿಯವರು ಹೇಳಲಿ. ಕೊಳವೆ ಹಳೆಯದು, ಒಳಗೆ ಹೊಸದು. ಅದು ಅವರಿಗೆ ಪೂಜೆ. ಪೆಟ್ಟಿಗೆ ಹಳೆಯದು, ಒಳಗೆ ಹೊಸದು. ಅದು ನನಗೆ ಪಾಪ. ವ್ಯತ್ಯಾಸ ಎಲ್ಲಿದೆ? ಹಳೆಯ ಚಾಸಿಯನ್ನು ನಾನು ಎಸೆದಿಲ್ಲ, ಪ್ಲಾಸ್ಟಿಕ್ ಡಬ್ಬಿಯಲ್ಲಿ ಕಟ್ಟಿ ಇಟ್ಟಿದ್ದೇನೆ. ಇಲ್ಲದ ಮಾತು ಹೊರಿಸಬೇಡಿ.

ಬೆಟಗೇರಿ

ವ್ಯತ್ಯಾಸ ಕಿವಿಗೆ ಗೊತ್ತಾಗುತ್ತದೆ. ನನ್ನ ಸೆಟ್ಟು ಗಾಳಿಯಿಂದ ಅಲೆ ಹಿಡಿಯುತ್ತದೆ, ನಿಮ್ಮದು ಮೊಬೈಲಿನಿಂದ ಹಾಡು ಪಡೆಯುತ್ತದೆ. ಇದಕ್ಕಿಂತ ಹೆಚ್ಚು ಹೇಳುವುದಿಲ್ಲ.

ಸಪ್ತಾಪುರ, ಧಾರವಾಡ

ಹಿರಿಯನಾಗಿ ಒಂದು ಮಾತು. ಗಾಳಿಯಿಂದ ಹಿಡಿಯುತ್ತದೆ ಎನ್ನುತ್ತೀರಿ, ಸರಿ. ಆದರೆ ಈಗ ಗಾಳಿಯಲ್ಲಿ ಇರುವುದೇನು? 1950ರ ಜನವರಿ 8ರಂದು ಆರಂಭವಾದ ನಿಲಯ ನಮ್ಮ ಊರಿನಲ್ಲಿಯೇ ಇದೆ. 765 ಕಿಲೋಹರ್ಟ್ಸ್, ಅಲೆಯ ಉದ್ದವನ್ನು ಮೀಟರಿನಲ್ಲಿ ಬರೆದ ಡಯಲ್ ಇದ್ದವರಿಗೆ 392ರ ಜಾಗ. ಒಂದು ಕಾಲಕ್ಕೆ ಗೇಣುದ್ದ ತಂತಿ ಇದ್ದರೂ ಸಂಗೀತ ತಿಳಿನೀರಿನಂತೆ ಬರುತ್ತಿತ್ತು. ನಾನು ಸೆಟ್ಟು ಸರಿಮಾಡಿಕೊಂಡು ಕೂತ ದಿನ ಬರೀ ಗರಗರ. ನನ್ನದೇ ತಪ್ಪೆಂದು ವಾಲ್ವ್ ಬದಲಿಸಿದೆ, ಬ್ಯಾಂಡ್ ಸ್ವಿಚ್ ತೊಳೆದೆ. ಐ.ಎಫ್. ಕಾಯಿಲಿನ ತಿರುಪನ್ನು ಕಬ್ಬಿಣದ ಸ್ಕ್ರೂಡ್ರೈವರಿನಿಂದ ತಿರುಗಿಸಲು ಹೋಗಿ ಒಳಗಿನ ಫೆರೈಟ್ ಪುಡಿಯಾಯಿತು. ಅದೊಂದೇ 1,200 ರೂಪಾಯಿ, ಎರಡು ತಿಂಗಳು.

ಕೊನೆಗೆ ರೇಡಿಯೋ ಇರುವ ಕೋಣೆಯೊಂದನ್ನು ಬಿಟ್ಟು ಮನೆಯ ಸ್ವಿಚ್ಚುಗಳನ್ನು ಒಂದೊಂದಾಗಿ ಆರಿಸಿದೆ. ಗರಗರ ಬರುತ್ತಿದ್ದದ್ದು ಅಡುಗೆಮನೆಯ ಎಲ್‌ಇಡಿ ಬಲ್ಬು ಮತ್ತು ಮೊಬೈಲ್ ಚಾರ್ಜರಿನಿಂದ. ಅವನ್ನು ತೆಗೆದ ಮೇಲೂ ಸ್ವಲ್ಪ ಉಳಿಯಿತು, ಅದು ಪಕ್ಕದ ಮನೆಯ ಇನ್ವರ್ಟರ್. ಅವರಿಗೆ ಹೇಳಿದೆ. ಹದಿನೆಂಟು ವರ್ಷದ ನೆರೆಹೊರೆ, ಆ ದಿನದಿಂದ ಮಾತು ಬಿಟ್ಟಿದ್ದಾರೆ.

ವಿದ್ಯಾನಗರ, ಹುಬ್ಬಳ್ಳಿ

ಕಾಕಾ, ಗೌರವದಿಂದ ಹೇಳುತ್ತೇನೆ. ಅದೇ ನಿಲಯ ಮೊಬೈಲಿನಲ್ಲಿ ಗರಗರ ಇಲ್ಲದೆ ಬರುತ್ತದೆ. ನೆರೆಯವರೊಂದಿಗೆ ಮನಸ್ತಾಪ ಏಕೆ?

ಸಪ್ತಾಪುರ, ಧಾರವಾಡ

ಮನಸ್ತಾಪ ನಾನು ಮಾಡಿಕೊಂಡದ್ದಲ್ಲ ತಮ್ಮಾ. ಹಿಂದೆ ರೇಡಿಯೋ ಇಟ್ಟುಕೊಂಡವರು ಅಂಚೆ ಕಚೇರಿಯಲ್ಲಿ ಹಣ ಕಟ್ಟಿ ಲೈಸೆನ್ಸ್ ಪುಸ್ತಕಕ್ಕೆ ಮುದ್ರೆ ಹಾಕಿಸುತ್ತಿದ್ದೆವು. ನಿಲಯ ಕೇಳುವುದು ನಮ್ಮ ಹಕ್ಕಾಗಿತ್ತು. ಅದಕ್ಕೆ ಅಡ್ಡಿಯಾದರೆ ಹೇಳಲೂಬಾರದೇ?

ಮಾಳಮಡ್ಡಿ, ಧಾರವಾಡ

ಎಲ್ಲರಿಗೂ ನಮಸ್ಕಾರ. ಇಂದು ರಟ್ಟು ಬಿಚ್ಚಿದೆ. ನೀವೆಲ್ಲ ಹೇಳುವ ದೊಡ್ಡ ಟ್ರಾನ್ಸ್‌ಫಾರ್ಮರ್ ಇದರಲ್ಲಿ ಕಾಣಲಿಲ್ಲ. ಸ್ಪೀಕರಿನ ಬೆನ್ನಿಗೆ ಬೆಂಕಿಪೊಟ್ಟಣದಷ್ಟು ದೊಡ್ಡದು ಒಂದಿದೆ, ಅಷ್ಟೇ. ವಾಲ್ವ್‌ಗಳು ನಾಲ್ಕೇ. ಒರೆಸಿದರೆ ಅಕ್ಷರ ಹೋದೀತೆಂದು ಹೆದರಿ ಟಾರ್ಚನ್ನು ಓರೆಯಾಗಿ ಹಿಡಿದು ಓದಿದೆ: ಯುಸಿಎಚ್ 81, ಯುಬಿಎಫ್ 89, ಯುಸಿಎಲ್ 82, ಯುವೈ 85. ಮೊದಲ ಮೂರರ ತಲೆಯೊಳಗೆ ಕನ್ನಡಿಯಂತೆ ಹೊಳಪಿದೆ. ಕೊನೆಯದರ ತಲೆ ಹಾಲಿನಂತೆ ಬೆಳ್ಳಗಾಗಿದೆ. ನಾಬುಗಳ ಬದಿಯ ತೂತಿನಲ್ಲಿ ಮೇಣ ತುಂಬಿದ್ದಾರೆ, ಕೆದಕಿ ತೆಗೆಯಲೇ?

ಹಳೇ ಹುಬ್ಬಳ್ಳಿ

ಮೇಣ ಮುಟ್ಟಬೇಡಿ. ನಾನು ಕೇಳದೆಯೇ ನಿಮ್ಮದು ಟ್ರಾನ್ಸ್‌ಫಾರ್ಮರ್ ಸೆಟ್ಟೆಂದು ತಿಳಿದು ಬರೆದುಬಿಟ್ಟೆ, ತಪ್ಪಾಯಿತು. ಯು ಅಕ್ಷರದ ವಾಲ್ವ್ ಎಂದರೆ ಎಸಿ-ಡಿಸಿ ಸೆಟ್ಟು. ಕರೆಂಟಿನ ಒಂದು ತಂತಿ ನೇರವಾಗಿ ಚಾಸಿಗೇ ಸೇರಿರುತ್ತದೆ. ಪ್ಲಗ್ ತಿರುವುಮುರುವಾದರೆ ಇಡೀ ಚಾಸಿಗೆ 230 ವೋಲ್ಟ್, ನಾಬಿನೊಳಗಿನ ಸ್ಕ್ರೂಗೂ ಅಷ್ಟೇ. ಬೆರಳು ತಾಗದಿರಲೆಂದೇ ಆ ಮೇಣ. ನಾನು ಹೇಳಿದ ಸೀರೀಸ್ ಬಲ್ಬು ಸೆಟ್ಟನ್ನಷ್ಟೇ ಉಳಿಸುತ್ತದೆ, ಶಾಕ್ ತಪ್ಪಿಸುವುದಿಲ್ಲ. ಸೆಟ್ಟನ್ನು ಕರೆಂಟಿನ ಲೈನಿನಿಂದ ಬೇರ್ಪಡಿಸುವ, ಒಂದಕ್ಕೆ ಒಂದರ ಐಸೋಲೇಷನ್ ಟ್ರಾನ್ಸ್‌ಫಾರ್ಮರ್ ಇಲ್ಲದೆ ಇದಕ್ಕೆ ಕೈಹಾಕಲೇಬಾರದು. 100 ವ್ಯಾಟಿನದು ನಾನು 1,400ಕ್ಕೆ ಸುತ್ತಿಸಿದ್ದೇನೆ, ಈ ಸಲ ಮೊರೆಯುವುದಿಲ್ಲ.

ಬೆಟಗೇರಿ

ಹಳೇ ಹುಬ್ಬಳ್ಳಿಯವರು ಹೇಳಿದ್ದು ಅಕ್ಷರಶಃ ನಿಜ. ಇದಕ್ಕೆ ಸೇರಿಸುವುದಿಷ್ಟೇ: ಈ ನಾಲ್ಕರ ಫಿಲಮೆಂಟುಗಳು ಸಾಲಾಗಿ ಜೋಡಿಸಿದ್ದು, 19, 19, 50, 38, ಒಟ್ಟು 126 ವೋಲ್ಟ್. ಮಿಕ್ಕ ನೂರಕ್ಕೂ ಹೆಚ್ಚು ವೋಲ್ಟನ್ನು ಒಂದು ದಪ್ಪ ತಂತಿ ಸುತ್ತಿದ ರೆಸಿಸ್ಟರ್ ನುಂಗಿ ಹತ್ತು ವ್ಯಾಟಿನಷ್ಟು ಬಿಸಿಯಾಗುತ್ತದೆ. ಅದರ ಹತ್ತಿರದ ವೈರುಗಳ ರಬ್ಬರು ಪುಡಿಯಾಗಿರುತ್ತದೆ, ಎಲ್ಲವನ್ನೂ ಬದಲಿಸಬೇಕು. ತಲೆ ಬೆಳ್ಳಗಾದ ವಾಲ್ವಿಗೆ ಗಾಳಿ ಹೊಕ್ಕಿದೆ, ಅದು ಮುಗಿದಂತೆ. ಅದನ್ನು ಬದಲಿಸದೆ ಸೆಟ್ಟು ದನಿ ಎತ್ತದು.

ಸಪ್ತಾಪುರ, ಧಾರವಾಡ

ಯುವೈ 85 ನನ್ನ ಹತ್ತಿರ ಎರಡಿವೆ, ಪರೀಕ್ಷೆ ಮಾಡಿಟ್ಟದ್ದು. ಒಂದು ಕೊಡುತ್ತೇನೆ, ಹಣ ಬೇಡ. ಐಸೋಲೇಷನ್ ಟ್ರಾನ್ಸ್‌ಫಾರ್ಮರೂ ಇದೆ. ಮಾಳಮಡ್ಡಿಯಿಂದ ಆಟೋದಲ್ಲಿ ಬರಬಹುದು. ಸೆಟ್ಟನ್ನು ನಿಲ್ಲಿಸಿಕೊಂಡು ಬಾ ಮಗಳೇ, ಮಲಗಿಸಿದರೆ ಡಯಲ್ ಗಾಜು ಜಾರೀತು. ಭಾನುವಾರ ಬೆಳಗ್ಗೆ ಬಂದರೆ ಒಳ್ಳೆಯದು, ಪಕ್ಕದ ಮನೆಯವರು ಊರಿಗೆ ಹೋಗುತ್ತಾರೆ.

ಹಾವೇರಿ ತಾಲ್ಲೂಕು

ಅಪ್ಪ ಕೇಳಿದ ದಿನ ತಪ್ಪದೆ ತಿಳಿಸು ತಂಗೀ.

ವಿದ್ಯಾನಗರ, ಹುಬ್ಬಳ್ಳಿ

ಕೊಳವೆಗೂ ಪೆಟ್ಟಿಗೆಗೂ ಏನು ವ್ಯತ್ಯಾಸ ಎಂದು ಕೇಳಿದ್ದೆ. ಬೆಟಗೇರಿಯವರು ಕಿವಿಯ ಮಾತು ಹೇಳಿ ಜಾರಿಕೊಂಡರು. ಅದಕ್ಕೆ ಉತ್ತರ ಇನ್ನೂ ಬಂದಿಲ್ಲ.