ಖಂಭಾತ್ ಕೊಲ್ಲಿ: 20 ಮೀ ಕೆಳಗೆ ಪದರಗಳು ಮಸುಕು. ಸ್ಪಾರ್ಕರ್ ಜೌಲ್ ಏರಿಸಬೇಕೇ?

ಗಾಳಿಗಂಬ:
ಗುಜರಾತಿನ ಪೀಪಾವಾವ್‌ನಿಂದಾಚೆ ಕಡಲಲ್ಲಿ ಗಾಳಿ ವಿದ್ಯುತ್‌ಗೆ ತಳದ ಸರ್ವೆ. ನೀರು 20 ಮೀ. ಅಡಿಪಾಯದ ವಿನ್ಯಾಸಕ್ಕೆ ಕಡಲತಳದಿಂದ 60 ಮೀ ವರೆಗಿನ ಪದರಗಳು ಬೇಕು. ಸ್ಪಾರ್ಕರ್ (ನೀರಲ್ಲಿ ವಿದ್ಯುತ್ ಕಿಡಿ ಹಾರಿಸಿ ಧ್ವನಿ ಹೊರಡಿಸುವ ಸಾಧನ) 400 ಜೌಲ್, ಸ್ಟ್ರೀಮರ್ (ಮರಳುವ ಧ್ವನಿ ಹಿಡಿಯಲು ಹಡಗಿನ ಹಿಂದೆ ಎಳೆಯುವ ಕೇಬಲ್) 24 ಚಾನೆಲ್, 1 ಮೀ ಅಂತರ, ಅಲೆ ತಾಕದಿರಲಿ ಎಂದು 2 ಮೀ ಆಳದಲ್ಲಿ ಎಳೆತ. ತಳದಿಂದ ಸುಮಾರು 20 ಮೀ ಕೆಳಗೆ ಒಂದು ಗಟ್ಟಿ ಪದರ ಸ್ಪಷ್ಟವಾಗಿದೆ, ಆಮೇಲೆ ಏನೂ ಇಲ್ಲ. 1000 ಜೌಲ್ ಮಾಡಿದರೆ ಆದೀತೇ?

ಕೆಸರುತಳ:
ಆ ‘ಗಟ್ಟಿ ಪದರ’ದ ಮೇಲೇ ನನಗೆ ಅನುಮಾನ. ನೀರು 20 ಮೀ ಇದ್ದರೆ ಕಡಲತಳದ ಮೊದಲ ಮಲ್ಟಿಪಲ್ (ತಳಕ್ಕೂ ನೀರಿನ ಮೇಲ್ಮೈಗೂ ನಡುವೆ ಎರಡು ಸಲ ಪುಟಿದು ಬರುವ ಸುಳ್ಳು ಪ್ರತಿಫಲನ) ಬಂದು ಕೂರುವುದೇ ಅಲ್ಲಿ: ತಳದ ಪ್ರತಿಫಲನ 27 ಮಿಲಿಸೆಕೆಂಡ್, ಮಲ್ಟಿಪಲ್ 53. ತಳ ಇಳಿಜಾರಾದ ಕಡೆ ಅದು ಎರಡು ಪಟ್ಟು ಇಳಿದರೆ ಪದರವಲ್ಲ. 24 ಮೀ ಸ್ಟ್ರೀಮರ್‌ನಲ್ಲಿ ವೇಗದ ವ್ಯತ್ಯಾಸ ಹಿಡಿದು ಅದನ್ನು ತೆಗೆಯಲಾಗದು. 96 ಚಾನೆಲ್ ಹಾಕಿ.

ಇನ್ನು 2 ಮೀ ಆಳ. ನೀರಿನ ಮೇಲ್ಮೈಯಿಂದ ಮರಳುವ ಘೋಸ್ಟ್ (ಸಿಗ್ನಲ್‌ನ ನಕಲು) 375 ಹರ್ಟ್ಜ್ ಮತ್ತು ಅದರ ಗುಣಕಗಳನ್ನು ನುಂಗುತ್ತದೆ. ಅರ್ಧ ಮೀಟರ್‌ಗೆ ಎತ್ತಿದರೆ ಹೀಗೆ ನುಂಗಿಹೋಗುವ ಮೊದಲ ಆವರ್ತನ 1500 ಹರ್ಟ್ಜ್‌ಗೆ ಹೋಗುತ್ತದೆ. ಸ್ಪಾರ್ಕರ್‌ನ ಕಿಡಿ ಹಾರುವ ಅದೇ ತುದಿಗಳ ಮೇಲೆ ಜೌಲ್ ಏರಿಸಿದರೆ ಗುಳ್ಳೆ ದೊಡ್ಡದಾಗಿ ಪಲ್ಸ್ ಉದ್ದವಾಗುತ್ತದೆ, ತೆಳು ಪದರಗಳು ಬೆರೆತುಹೋಗುತ್ತವೆ. ಏರಿಸಲೇಬೇಕಿದ್ದರೆ ತುದಿಗಳ ಸಂಖ್ಯೆಯನ್ನೂ ಹೆಚ್ಚಿಸಿ. ಚಾರ್ಜಿಂಗ್ ಲೆಕ್ಕವೂ ನೋಡಿ: 4 ನಾಟ್ ವೇಗದಲ್ಲಿ ಮೀಟರಿಗೊಂದು ಶಾಟ್ ಎಂದರೆ ಅರ್ಧ ಸೆಕೆಂಡಿಗೊಂದು. 1000 ಜೌಲ್‌ಗೆ ಪವರ್ ಸಪ್ಲೈ ಸೆಕೆಂಡಿಗೆ 2000 ಜೌಲ್ ತುಂಬಿಕೊಡಬೇಕು.

ಗಾಳಿಗಂಬ:
ಅರ್ಧ ಮೀಟರ್‌ನಲ್ಲಿ ಅಲೆಯ ಗದ್ದಲ ಹೆಚ್ಚಲ್ಲವೇ ಸರ್?

ನೀರಹಾಡು:
ಹೆಚ್ಚೇ. ಅದಕ್ಕೇ ಸಮುದ್ರ ಶಾಂತವಿರುವ ದಿನಗಳು ಬೇಕು, ಮಳೆಗಾಲ ಬಿಟ್ಟೇಬಿಡಿ. ಆಗ ನರ್ಮದೆ, ತಾಪಿಯ ಸಿಹಿನೀರು ಕೊಲ್ಲಿಗೆ ಬರುತ್ತದೆ, ಲವಣಾಂಶ ತಗ್ಗಿದಲ್ಲಿ ಸ್ಪಾರ್ಕರ್ ದುರ್ಬಲವಾಗುತ್ತದೆ. ಗದ್ದಲಕ್ಕಿಂತ ದೊಡ್ಡ ತೊಂದರೆ ಏರಿಳಿತ: ಸ್ಪಾರ್ಕರ್, ಸ್ಟ್ರೀಮರ್ ಎರಡೂ 30 ಸೆಂ.ಮೀ ಎದ್ದರೆ 0.4 ಮಿಲಿಸೆಕೆಂಡ್ ಸರಿತ, 1 ಕಿಲೋಹರ್ಟ್ಜ್‌ಗೆ ಹೆಚ್ಚುಕಡಿಮೆ ಅರ್ಧ ಅಲೆ. ಇದನ್ನು ತಿದ್ದದೆ ಸ್ಟ್ಯಾಕ್ ಮಾಡಿದರೆ (ಹಲವು ದಾಖಲೆಗಳನ್ನು ಕೂಡಿಸಿದರೆ) ಒಳ್ಳೆಯ ಸಿಗ್ನಲ್ ತಾನೇ ತಾನಾಗಿ ಅಳಿಯುತ್ತದೆ.

ಅಲ್ಲಿನ ಉಬ್ಬರವಿಳಿತದ ಸೆಳೆತ ಬಲು ಜೋರು. ಸ್ಟ್ರೀಮರ್ 10 ಡಿಗ್ರಿ ಓರೆಯಾದರೂ ಸುಮಾರು 95 ಮೀ ಉದ್ದಕ್ಕೆ ಬಾಲ 16 ಮೀ ಪಕ್ಕಕ್ಕೆ. ಮುಖ್ಯ ಲೈನ್‌ಗಳನ್ನು ಸೆಳೆತದ ದಿಕ್ಕಿಗೆ ಹಾಕಿ, ಅಡ್ಡ ಲೈನ್‌ಗಳನ್ನು ಸೆಳೆತ ತಗ್ಗಿದ ಹೊತ್ತಿಗೆ ಇಟ್ಟುಕೊಳ್ಳಿ. ಬಾಲದ ಬೋಯಾಗೆ ಜಿಪಿಎಸ್ ಇರಲೇಬೇಕು.

ಕೆಸರುತಳ:
ಒಂದು ಮಾತು ಬಿಟ್ಟಿದ್ದೆ. ಮಸುಕಿನ ಮೇಲಂಚಿನಲ್ಲಿ ಪ್ರಖರವಾದ, ಧ್ರುವತೆ ತಿರುಗಿದ (ಅಲೆ ತಲೆಕೆಳಗಾದ) ಪ್ರತಿಫಲನ ಇದ್ದರೆ ಅದು ಕೆಸರಿನಲ್ಲಿ ಸಿಕ್ಕಿದ ಅನಿಲ. ಪಶ್ಚಿಮ ಕರಾವಳಿಯ ದಡದ ಹತ್ತಿರದ ಕೆಸರಿನಲ್ಲಿ, ನಮ್ಮ ಮಂಗಳೂರು, ಕಾರವಾರದ ಎದುರಿಗೂ, ಇದು ಹೊಸದಲ್ಲ. ಎಷ್ಟು ಜೌಲ್ ಹಾಕಿದರೂ ಅದರ ಕೆಳಗೆ ಏನೂ ಕಾಣದು. ಅಲ್ಲಿ ಸಿಪಿಟಿ (ಶಂಕು ಮೊನೆಯನ್ನು ತಳಕ್ಕೆ ಒತ್ತಿ ಮಣ್ಣಿನ ಬಲ ಅಳೆಯುವ ಪರೀಕ್ಷೆ), ಬೋರ್‌ಹೋಲ್‌ಗಳೇ ಗತಿ. ಕೊರೆಯುವವರಿಗೆ ಅನಿಲದ ವಲಯದ ನಕ್ಷೆಯನ್ನು ಮೊದಲೇ ಕೊಡಿ.