ರೇಡಿಯೇಟರ್ ನೀರು ಕುದಿಯುತ್ತಿಲ್ಲ, ಬಾನೆಟ್ ಬಣ್ಣ ಮಾತ್ರ ಸುಡುತ್ತಿದೆ

ವಿಜಯಪುರದಿಂದ ಪ್ರಶ್ನೆ

ನಮಸ್ಕಾರ್ರೀ. ಅಪ್ಪಾಜಿಯವರ ಗಾಡಿ, 1978ರ ಅಂಬಾಸಿಡರ್ ಮಾರ್ಕ್ 3, ಪೆಟ್ರೋಲ್. ಹೋದ ದೀಪಾವಳಿಗೆ ಪೂರ್ತಿ ಪೇಂಟ್ ಮಾಡಿಸಿದೆ. ಈಗ ಬಾನೆಟ್ ಮೇಲೆ ಕ್ಲೀನರ್ ಸೈಡಿಗೆ, ಅಂದರೆ ಎಡಕ್ಕೆ, ಅಂಗೈ ಅಗಲದ ಜಾಗ ಹಳದಿಯಾಗಿ ಗುಳ್ಳೆ ಎದ್ದಿದೆ. ಕೊಲ್ಹಾರ ಸೇತುವೆ ದಾಟಿ ಬಾಗಲಕೋಟೆಗೆ ಹೋಗಿ ಬಂದರೆ ಅಲ್ಲಿ ಕೈ ಇಡಲು ಆಗುವುದಿಲ್ಲ. ಆದರೆ ನೀರು ಕುದಿಯುವುದಿಲ್ಲ, ಕಡಿಮೆಯೂ ಆಗಿಲ್ಲ. ಪಿಕಪ್ ಸ್ವಲ್ಪ ಬಿದ್ದಿದೆ. ಮೆಕ್ಯಾನಿಕ್ ಪೇಂಟ್ ಸರಿ ಇಲ್ಲ ಅನ್ನುತ್ತಾರೆ, ಪೇಂಟರ್ ಇಂಜಿನ್ ಸರಿ ಇಲ್ಲ ಅನ್ನುತ್ತಾರೆ. ಅಪ್ಪಾಜಿ ದಿನಾ ಆ ಕಲೆ ನೋಡಿ ಸುಮ್ನೆ ನಿಲ್ಲುತ್ತಾರೆ, ಅದೇ ಬೇಜಾರು.

ಬೆಳಗಾವಿಯಿಂದ ಉತ್ತರ

ಅರ್ಧ ಉತ್ತರ ನಿಮ್ಮ ಪ್ರಶ್ನೆಯಲ್ಲೇ ಇದೆ ರೀ. ಗುಳ್ಳೆ ಎಡಕ್ಕೆ ಮಾತ್ರ ಎದ್ದಿದೆ. ಆ 1489 ಸಿಸಿ ಇಂಜಿನ್‌ನಲ್ಲಿ ಎಕ್ಸಾಸ್ಟ್ ಮ್ಯಾನಿಫೋಲ್ಡ್ (ಸಿಲಿಂಡರ್‌ಗಳ ಹೊಗೆಯನ್ನು ಸೈಲೆನ್ಸರ್ ಕಡೆ ಒಯ್ಯುವ ಕಬ್ಬಿಣದ ಪೈಪು) ಇರುವುದೂ ಎಡಕ್ಕೇ. ನೀರು 100 ಡಿಗ್ರಿ ಮುಟ್ಟದಿದ್ದರೂ ಮ್ಯಾನಿಫೋಲ್ಡ್ ಒಳಗಿನ ಹೊಗೆ 600 ದಾಟುತ್ತದೆ. ರೇಡಿಯೇಟರ್ ನೋಡಿದರೆ ಅದು ಗೊತ್ತಾಗುವುದಿಲ್ಲ.

ಮೊದಲು ಒಂದು ಗುಳ್ಳೆ ಬ್ಲೇಡಿನಿಂದ ಬಿಡಿಸಿ. ಒಳಗೆ ತುಕ್ಕು ಅಥವಾ ನೀರಿನ ಪಸೆ ಇದ್ದರೆ ತಪ್ಪು ಪೇಂಟ್ ಕೆಲಸದ್ದು. ತಗಡು ಸ್ವಚ್ಛ ಇದ್ದು, ಪುಟ್ಟಿ ಒಣಗಿ ಬಿರಿದಿದ್ದರೆ ಬಿಸಿಯದ್ದು.

ಬಿಸಿಯದ್ದೇ ಆದರೆ ನನಗೆ ಮೊದಲ ಅನುಮಾನ ಟೈಮಿಂಗ್ ಮೇಲೆ, ಅಂದರೆ ಪ್ಲಗ್‌ನಲ್ಲಿ ಕಿಡಿ ಬೀಳುವ ಸಮಯದ ಮೇಲೆ. ಕಿಡಿ ತಡವಾಗಿ ಬಿದ್ದರೆ ಪೆಟ್ರೋಲ್ ಸಿಲಿಂಡರ್‌ನಲ್ಲಿ ಪೂರ್ತಿ ಉರಿದು ಮುಗಿಯುವುದಿಲ್ಲ. ವಾಲ್ವ್ ತೆರೆದಾಗಲೂ ಉರಿಯುತ್ತಲೇ ಮ್ಯಾನಿಫೋಲ್ಡ್‌ಗೆ ಹೋಗುತ್ತದೆ. ಪಿಕಪ್ ಬಿದ್ದಿದೆ ಅಂದಿರಲ್ಲ, ಅದಕ್ಕೂ ಇದೇ ಕಾರಣ ಇರಬಹುದು. ಸಿಬಿ ಪಾಯಿಂಟ್ (ಪ್ಲಗ್‌ಗಳಿಗೆ ಕರೆಂಟ್ ಹಂಚುವ ಡಿಸ್ಟ್ರಿಬ್ಯೂಟರ್ ಒಳಗಿನ ಸ್ವಿಚ್) ಗ್ಯಾಪ್ 15 ಥೌ ಇದೆಯಾ ನೋಡಿ, ಒಂದು ಥೌ ಅಂದರೆ ಇಂಚಿನ ಸಾವಿರದ ಒಂದು ಭಾಗ. ಪಾಯಿಂಟಿನ ಹೀಲ್ (ತಿರುಗುವ ಕ್ಯಾಮ್‌ಗೆ ಉಜ್ಜುವ ತುದಿ) ಸವೆದಂತೆ ಗ್ಯಾಪ್ ಕಡಿಮೆಯಾಗಿ ಟೈಮಿಂಗ್ ತಾನಾಗಿಯೇ ಹಿಂದೆ ಬೀಳುತ್ತದೆ. ಆಮೇಲೆ ಡಿಸ್ಟ್ರಿಬ್ಯೂಟರ್‌ನಿಂದ ಕಾರ್ಬೊರೇಟರ್‌ಗೆ ಹೋಗುವ ಸಣ್ಣ ವ್ಯಾಕ್ಯೂಮ್ ಪೈಪನ್ನು ಕಾರ್ಬೊರೇಟರ್ ಕಡೆ ಬಿಚ್ಚಿ ಬಾಯಿಂದ ಎಳೆಯಿರಿ. ಡಿಸ್ಟ್ರಿಬ್ಯೂಟರ್ ಒಳಗಿನ ಪ್ಲೇಟ್ ಅಲುಗಬೇಕು, ಉಸಿರು ಹಿಡಿದಂತೆ ನಿಲ್ಲಬೇಕು. ಗಾಳಿ ಸಲೀಸಾಗಿ ಬಂದರೆ ಟೈಮಿಂಗ್ ಮುಂದೆ ತರುವ ಡಯಾಫ್ರಾಮ್ (ತೆಳು ಪೊರೆ) ಹರಿದಿದೆ.

ಪ್ಲಗ್ ಬಣ್ಣವನ್ನೂ ನೋಡಿ. ಬಿಸ್ಕಿಟ್ ಬಣ್ಣ ಇದ್ದರೆ ಸರಿ. ಸುಣ್ಣದ ಹಾಗೆ ಬೆಳ್ಳಗಿದ್ದರೆ ಗಾಳಿ ಜಾಸ್ತಿ, ಪೆಟ್ರೋಲ್ ಕಡಿಮೆ. ಈಗಿನ ಇ20 ಪೆಟ್ರೋಲ್ (ನೂರಕ್ಕೆ 20 ಎಥೆನಾಲ್ ಬೆರೆಸಿದ್ದು) ಕಾರ್ಬೊರೇಟರ್‌ನಲ್ಲಿ ಪೆಟ್ರೋಲ್ ಅಳೆದು ಬಿಡುವ ಹಳೇ ಜೆಟ್‌ಗೆ ತೆಳುವಾಗುತ್ತದೆ. ಹಳೇ ರಬ್ಬರ್ ಪೈಪನ್ನೂ ಅದು ತಿನ್ನುತ್ತದೆ. ಬಿಸಿ ಮ್ಯಾನಿಫೋಲ್ಡ್ ಪಕ್ಕದಲ್ಲೇ ಪೆಟ್ರೋಲ್ ಜಿನುಗಿದರೆ ಬೆಂಕಿ. ಹಳೇ ಪೈಪ್ ಇದ್ದರೆ ಇವತ್ತೇ ಬದಲಿಸಿ, ದಯವಿಟ್ಟು.

ಕೊನೆಗೆ ಮ್ಯಾನಿಫೋಲ್ಡ್ ಗ್ಯಾಸ್ಕೆಟ್. ಬೆಳಿಗ್ಗೆ ತಣ್ಣಗಿರುವಾಗ ಸ್ಟಾರ್ಟ್ ಮಾಡಿ ಕಿವಿಗೊಡಿ. ಟಿಕ್ ಟಿಕ್ ಸದ್ದು ಬಂದು, ಬಿಸಿಯಾದ ಮೇಲೆ ನಿಂತರೆ ಲೀಕ್ ಇದೆ. ಮಧ್ಯದ ಪೋರ್ಟ್ (ಹೊಗೆ ಹೊರಬೀಳುವ ಬಾಯಿ) ಎರಡು ಸಿಲಿಂಡರ್‌ಗಳ ಹೊಗೆ ಹೊರುತ್ತದೆ, ಮಸಿ ಅಲ್ಲೇ ಹುಡುಕಿ.

ವಿಜಯಪುರದಿಂದ, ಎಂಟು ದಿನ ಬಿಟ್ಟು

ಎರಡೂ ಸಿಕ್ಕಿತು ರೀ. ಡಯಾಫ್ರಾಮ್ ಹರಿದಿತ್ತು. ಮಧ್ಯದ ಪೋರ್ಟ್ ಸುತ್ತ ಕರಿ ಮಸಿ ಇತ್ತು. ಹೊಸ ಗ್ಯಾಸ್ಕೆಟ್ ಹಾಕಿದರೂ ಟಿಕ್ ಟಿಕ್ ಹೋಗಿಲ್ಲ. ಪೇಂಟ್ ಮಾಡಿಸಿಬಿಡಲಾ?

ಬೆಳಗಾವಿಯಿಂದ

ಬೇಡ, ಅವಸರ ಮಾಡಬೇಡಿ. ಮ್ಯಾನಿಫೋಲ್ಡ್ ಬಾಗಿರಬೇಕು. ಸ್ಟೀಲ್ ಸ್ಕೇಲ್ ಇಟ್ಟು ನೋಡಿ, ಕೆಳಗೆ ಬೆಳಕು ಕಂಡರೆ ಫೇಸಿಂಗ್, ಅಂದರೆ ಮುಖ ಉಜ್ಜಿ ಸಮ ಮಾಡಿಸಬೇಕು. ಇನ್‌ಲೆಟ್ (ಗಾಳಿ-ಪೆಟ್ರೋಲ್ ಒಳಗೆ ಒಯ್ಯುವುದು), ಎಕ್ಸಾಸ್ಟ್ ಎರಡೂ ಮ್ಯಾನಿಫೋಲ್ಡ್‌ಗಳನ್ನು ಬೋಲ್ಟ್ ಹಾಕಿ ಜೋಡಿಸಿಯೇ ಕೊಡಿ. ಬೇರೆ ಬೇರೆ ಉಜ್ಜಿದರೆ ಲೆವೆಲ್ ತಪ್ಪಿ ಮತ್ತೆ ಲೀಕ್ ಆಗುತ್ತದೆ. ಅಲ್ಲಿ ಯಾರೂ ಸಿಗದಿದ್ದರೆ ಇಲ್ಲಿ ಬೆಳಗಾವಿಯ ಕೈಗಾರಿಕಾ ಪ್ರದೇಶ ಉದ್ಯಮಬಾಗಕ್ಕೆ ತನ್ನಿ, ನಾನು ಜೊತೆಗೆ ಬರುತ್ತೇನೆ. ಆಮೇಲೆ ಒಂದು ಸಲ ಬಾಗಲಕೋಟೆಗೆ ಓಡಿಸಿ, ಬಾನೆಟ್ ಮುಟ್ಟಿ ನೋಡಿ. ಎಡಕ್ಕೂ ಬಲಕ್ಕೂ ಬಿಸಿಯಲ್ಲಿ ಜಾಸ್ತಿ ಫರಕು ಇರದಿದ್ದರೆ ಪೇಂಟರ್ ಹತ್ತಿರ ಹೋಗಿ. ಆ ಜಾಗದ ಪುಟ್ಟಿ ಪೂರ್ತಿ ತಗಡಿನವರೆಗೆ ತೆಗೆಸಿ.