ಸಹಾಯ ಬೇಕು: ಹಳೆಯ ಪೀಠೋಪಕರಣಗಳನ್ನು ಮರಳಿ ಪಡೆದು ಮರುಬಳಸುವ ಬಗ್ಗೆ

ಎಲ್ಲರಿಗೂ ನಮಸ್ಕಾರ. ದಾವಣಗೆರೆಯ ನಮ್ಮ ಸಣ್ಣ ಪೀಠೋಪಕರಣ ಕಾರ್ಖಾನೆಯಲ್ಲಿ, ನಾವೇ ಮಾರಿದ ಮಂಚ, ಕಪಾಟುಗಳನ್ನು ಹಳತಾದ ಮೇಲೆ ಮರಳಿ ಪಡೆದು, ದುರಸ್ತಿ ಮಾಡಿ ಮತ್ತೆ ಮಾರುವ ವ್ಯವಸ್ಥೆಯನ್ನು ಆರಂಭಿಸಬೇಕೆಂದಿದ್ದೇವೆ. ಕೆಡವಿದ ಮನೆಗಳಿಂದ ಬರುವ ಸಾಗುವಾನಿಯ ಬಾಗಿಲು, ತೊಲೆಗಳಲ್ಲಿ ತೊಂದರೆಯಿಲ್ಲ. ಮೊಳೆ ಕಿತ್ತು ಉಜ್ಜುಗೊರಡು ಆಡಿಸಿದರೆ ಒಳಗಿನ ಹೊಂಬಣ್ಣ ಹಾಗೆಯೇ ಹೊರಬರುತ್ತದೆ, ಅದನ್ನು ನೋಡುವುದೇ ಒಂದು ಸಂತೋಷ. ಚಿಂತೆಯೆಲ್ಲ ಪಾರ್ಟಿಕಲ್ ಬೋರ್ಡಿನದು (ಮರದ ಚೂರುಗಳನ್ನು ಅಂಟು ಬೆರೆಸಿ ಒತ್ತಿ ಮಾಡಿದ ಹಲಗೆ): ಒಮ್ಮೆ ಬಿಚ್ಚಿದ ತೂತಿನಲ್ಲಿ ಸ್ಕ್ರೂ ಮತ್ತೆ ಗಟ್ಟಿಯಾಗಿ ಕಚ್ಚುವುದಿಲ್ಲ, ನೀರು ತಗುಲಿದ ಅಂಚು ಉಬ್ಬಿ ಪುಡಿಯಾಗುತ್ತದೆ, ಯೂರಿಯಾ ಫಾರ್ಮಾಲ್ಡಿಹೈಡ್ ಅಂಟು ಸೇರಿರುವುದರಿಂದ ಚೂರುಗಳನ್ನು ಒಲೆಗೆ ಹಾಕುವುದೂ ಸರಿಯಲ್ಲ. ಇಂಥ ಹಲಗೆಗಳನ್ನು ಮರುಸಂಸ್ಕರಣೆಗೆ ಕೊಳ್ಳುವವರು ಅಥವಾ ಅಂಟಿಲ್ಲದೆ, ಪದೇಪದೇ ಬಿಚ್ಚಿ ಜೋಡಿಸಬಹುದಾದ ಕೀಲುಗಳ ಕೆಲಸ ಬಲ್ಲವರು ತಮಗೆ ಪರಿಚಯವಿದ್ದರೆ ದಯವಿಟ್ಟು ತಿಳಿಸಿ. ನಾವೇ ಬಂದು ನೋಡಿ ಕಲಿಯಲು ಸಿದ್ಧರಿದ್ದೇವೆ.